ನೂರು ವರ್ಷ ಬಾಳವ್ವ

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ನುಗ್ಗೇಹಳ್ಳಿಯ ನೆಂಟರಂತೂ ಎಳನೀರು ಹೊತ್ತುಕೊಂಡೇ ಬರುತ್ತಾರೆ. ಅವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ, ಎಳನೀರು ಅವಳಿಗೆ ವಿಷ ಅಂತ ಡಾಕ್ಟರು ಹೇಳಿದ್ದಾರೆ ಎಂದರೆ ಹುಚ್ಚಿಯನ್ನು ನೋಡಿದ ಹಾಗೆ ನನ್ನನ್ನೇ ನೋಡುತ್ತಾರೆ. "ತಂಪು ಕಣವ್ವ, ಎಳನೀರು ಕುಡ್ದು ಯಾರಾನ ಸತ್ತವ್ರಾ?" ಚನ್ನರಾಯಪಟ್ಟಣದ ನನ್ನ ಮನೆಯಲ್ಲಿ ಅವ್ವನ ಮಂಚದಡಿ ಕಾಯಿಗಳ ರಾಶಿ ಬಿತ್ತು. ಬಂದವರ ಮೇಲೆಲ್ಲ ರೇಗಿದೆ.

ವಾರಕ್ಕೆ ಮೂರು ಸಲ ಹಾಸನಕ್ಕೆ ಡಯಾಲಿಸಿಸ್. ಬೆಳಿಗ್ಗೆ ಕಾರಿನಲ್ಲಿ ಕೂರಿಸುವಾಗ ಮಾತಾಡುತ್ತಿದ್ದವಳು ಸಂಜೆ ಇಳಿಸುವಾಗ ಬಾಯಿ ತೆರೆಯುತ್ತಿರಲಿಲ್ಲ. ಮಾರನೆಯ ದಿನವೆಲ್ಲ ಸುಸ್ತು, ವಾಂತಿ. ಸ್ವಲ್ಪ ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೆ ಕಾರು. ಕುಡಿಯುವ ನೀರೂ ಅಳತೆಯಲ್ಲೇ. ಮೊನ್ನೆ ಮೊನ್ನೆಯವರೆಗೂ ತೋಟದಲ್ಲಿ ಸೋಗೆ ಎಳೆದು ಹಾಕುತ್ತಿದ್ದ ಹೆಂಗಸಿಗೆ ಈಗ ಲೋಟ ಹಿಡಿಯಲೂ ನನ್ನ ಕೈ ಬೇಕು.

"ಇನ್ನ ಆಸ್ನಕ್ಕೆ ಬ್ಯಾಡ ಕಣವ್ವ. ಓಗೋದು ಬರೋದೇ ಬದುಕಾಗೋಯ್ತು," ಅಂದಳು ಒಂದು ದಿನ.

"ಬಿಟ್ರೆ ಸತ್ತೋಯ್ತೀಯ, ಗೊತ್ತಾ?" ಅಂತ ಕಿರುಚಿಬಿಟ್ಟೆ.

"ಸಾಯ್ದೆ ಗೂಟ ಒಡ್ಕೊಂಡು ಕೂರಕ್ಕಾಯ್ತದಾ?" ಅವಳಿಗೆ ನಗು ಬೇರೆ.

ಡಾಕ್ಟರನ್ನೇ ಕೇಳಿದೆ. "ನಡೆಸಿದರೆ ಇನ್ನಷ್ಟು ಕಾಲ ಇರುತ್ತಾರೆ. ನಿಲ್ಲಿಸಿದರೆ ಹೆಚ್ಚು ದಿನವಿಲ್ಲ. ಬುದ್ಧಿ ಚೆನ್ನಾಗೇ ಇದೆಯಲ್ಲ, ಅವರನ್ನೇ ಕೇಳಿ," ಅಂದರು. ಕೇಳುವುದೇನು ಬಂತು, ಮಣ್ಣು! ಅವಳು ಹೇಳಿಯಾಗಿತ್ತು. ಅವ್ವ ಇಲ್ಲದ ಮನೆ ನನಗೆ ಬೇಡವಾಗಿತ್ತು, ಅಷ್ಟೇ.

ಯುಗಾದಿಯ ದಿನ ಎಣ್ಣೆನೀರು ಮುಗಿಸಿ ಅವ್ವನ ಕಾಲಿಗೆ ಬಿದ್ದೆ. ಪಾದಗಳು ಊದಿ ಹೊಳೆಯುತ್ತಿದ್ದವು. ನನಗೆ ಬುದ್ಧಿ ತಿಳಿದಾಗಿನಿಂದ ಪ್ರತಿ ಹಬ್ಬಕ್ಕೂ ಅವಳು ಹರಸುವುದು ಒಂದೇ ಮಾತು: "ನೂರು ವರ್ಸ ಬಾಳವ್ವ." ಅವತ್ತೂ ತಲೆ ಮೇಲೆ ಕೈಯಿಟ್ಟು "ನೂರು..." ಅಂದವಳು ನಿಲ್ಲಿಸಿದಳು.

"ಬ್ಯಾಡ. ಕೈಕಾಲು ಆಡೋ ಗಂಟ ಬಾಳವ್ವ," ಅಂದಳು.

ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ.

ಮಾರನೆಯ ಬೆಳಿಗ್ಗೆ ಕಾರು ಬಂದು ಹಾರನ್ ಹೊಡೆಯಿತು. ಹೊರಗೆ ಹೋಗಿ, ಇವತ್ತು ಬೇಡಪ್ಪ ಅಂದೆ.

"ಮತ್ತೆ ಯಾವತ್ತು ಬರ್ಲಿ ಅಕ್ಕ?" ಡ್ರೈವರ್ ಕೇಳಿದ. ಅವತ್ತಿನ ಬಾಡಿಗೆ ಅವನ ಕೈಗಿಟ್ಟೆ. ಅವನು ಕಾರು ತಿರುಗಿಸಿಕೊಂಡು ಹೋದ.

ಒಳಗೆ ಬಂದು ಮಂಚದಡಿಯಿಂದ ಒಂದು ಎಳನೀರು ಎಳೆದುಕೊಂಡೆ. ಮಚ್ಚು ತೆಗೆದುಕೊಂಡು ಅದರ ತಲೆ ಕೆತ್ತತೊಡಗಿದೆ.

"ಮೆತ್ಗೆ ಕೆತ್ತವ್ವ, ಬೆರಳು ಉಸಾರು," ಅಂದಳು ಅವ್ವ.