ಕ್ಷುಲ್ಲಕ ಕಾರಣಕ್ಕೆ

ಕ್ಷುಲ್ಲಕ ಎಂಬ ಪದವನ್ನು ನಾನು ಮನೆಯಲ್ಲಿ ಒಮ್ಮೆಯೂ ಆಡಿದವನಲ್ಲ. ಯಾರೂ ಆಡುವುದಿಲ್ಲ, ಅದು ಅಚ್ಚಿನಲ್ಲಿ ಮಾತ್ರ ಬದುಕಿರುವ ಪದ. ವಡಾಲದ ಒಂದು ಸಣ್ಣ ಕನ್ನಡ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದಾಗ ದಿನಕ್ಕೆರಡು ಸಲವಾದರೂ ಅದನ್ನು ಬರೆಯುತ್ತಿದ್ದೆ. ಲೋಕಲ್‌ ರೈಲಿನಲ್ಲಿ ಸೀಟಿಗಾಗಿ ಹೊಡೆದಾಡಿದರೆ ಕ್ಷುಲ್ಲಕ ಕಾರಣ. ಚಾಳಿನ ಸಾಲುಮನೆಗಳಲ್ಲಿ ಬಾಗಿಲೆದುರು ಚಪ್ಪಲಿ ಬಿಟ್ಟರೆಂದು ಬೈದಾಡಿಕೊಂಡರೆ ಕ್ಷುಲ್ಲಕ ಕಾರಣ. ನಿಜವಾದ ಕಾರಣ ವಿಚಾರಿಸಲು ನಮಗೆ ಸೋಮಾರಿತನ. ಆ ಸೋಮಾರಿತನಕ್ಕೆ ಇಟ್ಟ ಸಂಸ್ಕೃತದ ಹೆಸರು ಇದು. ಯಾವುದೋ ಸಂಘದ ಅಧ್ಯಕ್ಷರಿಗೆ ಶಾಲು ಹೊದೆಸಿದ್ದು ಮಾತ್ರ ಎಂದೂ ಕ್ಷುಲ್ಲಕವಾಗಲಿಲ್ಲ. ಅದಕ್ಕೆ ಮೂರು ಕಾಲಂ, ಫೋಟೋ ಸಮೇತ.

ಒಂದು ಮಧ್ಯಾಹ್ನ ಧಾರಾವಿಯಿಂದ ಒಬ್ಬ ಹೆಂಗಸು ಆಫೀಸಿಗೆ ಬಂದಳು. ಕಲಬುರ್ಗಿ ಕಡೆಯವಳು, ಕಟ್ಟಡದ ಕೆಲಸದವಳು. ಹಣೆಗೆ ಬ್ಯಾಂಡೇಜು. ಕೈಯಲ್ಲಿ ನಮ್ಮ ಪತ್ರಿಕೆಯ ತುಂಡು: ‘ಕ್ಷುಲ್ಲಕ ಕಾರಣಕ್ಕೆ ಮಹಿಳೆಯ ಮೇಲೆ ಹಲ್ಲೆ.’ ಕೆಳಗೆ ನಾಲ್ಕು ಸಾಲು, ನನ್ನವೇ.

“ಇದನ್ನ ಬರದವರು ಯಾರ್ರೀ?”

“ನಾನೇ.”

“ನೀರಿನ ಪಾಳಿ ನಿಮಗ ಕ್ಷುಲ್ಲಕ ಆತೇನ್ರಿ?”

ಅವರ ಗಲ್ಲಿಗೆ ಒಂದೇ ನಳ, ಬೆಳಿಗ್ಗೆ ಒಂದು ಗಂಟೆ ನೀರು. ಸಾಲಿನಲ್ಲಿ ಪ್ರತಿ ಮನೆಯ ಕೊಡಕ್ಕೂ ಗೊತ್ತಾದ ಜಾಗವಿದೆ, ಇವಳದು ನಾಲ್ಕನೆಯದು. ಪಕ್ಕದ ಮನೆಯವಳು ಇವಳ ಕೊಡವನ್ನು ಎತ್ತಿ ಕೊನೆಗಿಟ್ಟಿದ್ದಳು. ಕೇಳಿದ್ದಕ್ಕೆ ಅದೇ ಕೊಡದಿಂದ ಬಾರಿಸಿದಳು. ಗಲ್ಲಿಯ ಹಿರಿಯರು ಪಂಚಾಯಿತಿ ಕೂತು, ನನ್ನ ನಾಲ್ಕು ಸಾಲು ಓದಿಸಿ, ಇಷ್ಟಕ್ಕೆಲ್ಲ ಯಾಕೆ ರಂಪ, ಕೊಡ ಈಗ ಇದ್ದಲ್ಲೇ ಇರಲಿ ಎಂದು ಎದ್ದುಬಿಟ್ಟರಂತೆ. ಕೊನೆಯ ಕೊಡದ ಹೊತ್ತಿಗೆ ನಳದಲ್ಲಿ ಬರೀ ಗಾಳಿ.

“ಆ ಒಂದು ಮಾತು ತಗೀರಿ ಸರ. ನನ್ನ ಪಾಳಿ ನನಗ ಸಿಗ್ತದ.”

ಸಂಪಾದಕರ ಬಳಿ ಹೋದೆ. ಚಹಾ ತಣ್ಣಗಾಗಿದೆಯೆಂದು ಅವರು ಆಗಷ್ಟೇ ಕ್ಯಾಂಟೀನಿನವನನ್ನು ಕಾಲು ಗಂಟೆ ಬೈದು ಮುಗಿಸಿದ್ದರು.

“ಇಂಥ ಕ್ಷುಲ್ಲಕ ವಿಷಯಕ್ಕೆಲ್ಲ ತಿದ್ದುಪಡಿ ಹಾಕ್ಲಿಕ್ಕುಂಟಾ ಮಾರಾಯ್ರೆ?” ಎಂದರು.

ಅವರ ಮೇಲೂ ನನ್ನ ಮೇಲೂ ಹೇಸಿಗೆಯಾಯಿತು. ಮರುದಿನ ಬೆಳಿಗ್ಗೆ ಆ ಗಲ್ಲಿಗೇ ಹೋದೆ. ಹಿರಿಯರ ಮುಂದೆ ನಿಂತು, ಬರೆದವನು ನಾನೇ, ವಿಚಾರಿಸದೆ ಬರೆದೆ, ತಪ್ಪಾಯಿತು ಎಂದೆ. ಅವರಲ್ಲಿ ದೊಡ್ಡವರು ಕನ್ನಡಕ ಏರಿಸಿ ಆ ತುಂಡನ್ನು ಮತ್ತೊಮ್ಮೆ ಓದಿದರು.

“ನೀವು ಹೇಳೂದು ಖರೆ ಇರಬಹುದ್ರಿ. ಆದ್ರ ಪೇಪರಿನಾಗ ಹಿಂಗ ಬಂದದಲ್ರಿ.”

ನಾನು ಬರೆದದ್ದರ ಮುಂದೆ ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಅಷ್ಟರಲ್ಲಿ ನಳ ಗೊರಗೊರ ಎಂದು ನಿಂತಿತು. ಸಾಲಿನ ಕೊನೆಯಲ್ಲಿದ್ದ ಅವಳು ನನ್ನ ಕಡೆ ನೋಡದೆ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು.