ನಾಲ್ಕು ಕಾರು, ಒಂದು ಪಟ್ಟಿ

ನನ್ನ ಮೇಜಿನ ಮೇಲೆ ಈಗ ಒಂದು ಲೋಹದ ತುಂಡು ಬಿದ್ದಿದೆ. ಕಡ್ಡಿಪೆಟ್ಟಿಗೆಗಿಂತ ತುಸು ಚಿಕ್ಕದು, ಒಂದು ತುದಿ ಚಪ್ಪಟೆ, ನಡುವೆ ಚೌಕದ ತೂತು. ಕಾರಿನ ಸೀಟ್ ಬೆಲ್ಟಿನ ತುದಿಯಲ್ಲಿರುವ ನಾಲಿಗೆಯಂಥದೇ, ಆದರೆ ಇದಕ್ಕೆ ಬೆಲ್ಟ್ ಇಲ್ಲ. ಬೆಲ್ಟ್ ಹಾಕಿಕೊಳ್ಳದೆ ಕೂತರೆ ಈಗಿನ ಕಾರುಗಳು ಟಿಂವ್ ಟಿಂವ್ ಎಂದು ಬಡಿದುಕೊಳ್ಳುತ್ತವಲ್ಲ, ಈ ತುಂಡನ್ನು ಬೆಲ್ಟಿನ ನಾಲಿಗೆ ಕೂಡುವ ಖಾಂಚಿಗೆ ಸಿಕ್ಕಿಸಿದರೆ ಸಾಕು, ಕಾರು ಪಾಪ, ನಂಬಿ ಸುಮ್ಮನಾಗುತ್ತದೆ. ನಿಮ್ಮ ಕಾರಿನಲ್ಲೂ ಇಂಥದೊಂದು ಇದ್ದರೆ, ಇದನ್ನು ಓದಿ ಮುಗಿಸುವವರೆಗೆ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿರಿ. ನಾನೂ ಇದನ್ನು ಎತ್ತಿ ಹಿಡಿದುಕೊಂಡೇ ಬರೆಯುತ್ತೇನೆ.

ಇದು ನನಗೆ ಸಿಕ್ಕಿದ್ದು ಹೋದ ವಾರ, ಹೂವಿನ ಹಿಪ್ಪರಗಿಯಲ್ಲಿ, ನಮ್ಮ ಕಾಕುವಿನ ಮನೆಯ ಮುಂದೆ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನನ್ನ ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಈಗ ಎಂಬತ್ತಮೂರು. ಹೊಸ ಹಲ್ಲಿನ ಸೆಟ್ಟು ಕೂಡಿಸಲು ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಬೇಕಿತ್ತು. ಸಿಂದಗಿಯ ಕಾಲೇಜಿನಲ್ಲಿ ಕಲಿಸುವ ನನ್ನ ಮಗಳು ಮೇಧಾ ತನ್ನ ಹೊಸ ಕಾರು ತಂದಿದ್ದಳು. ಕಾಕುವನ್ನು ಮುಂದೆ ಕೂಡಿಸಿ, ಬೆಲ್ಟ್ ಎಳೆದು ಸಿಕ್ಕಿಸಲು ಬಗ್ಗಿದೆ. ಸಿಗಲೊಲ್ಲದು. ಖಾಂಚಿಯಲ್ಲಿ ಆಗಲೇ ಏನೋ ಕೂತಿತ್ತು. ಕೆಂಪು ಗುಂಡಿ ಒತ್ತಿದೆ, ಟಪ್ಪನೆ ಈ ತುಂಡು ಹೊರಗೆ ಬಂತು. ಕಾರು ಬಡಿದುಕೊಳ್ಳತೊಡಗಿತು.

"ಏನಿದು ಮೇಧಾ?"

"ಅಪ್ಪಾ, ಅಜ್ಜಿ ಬೆಲ್ಟ್ ಹಾಕ್ಕೊಳ್ಳೂದಿಲ್ಲಲಾ. ಆಕಿ ಮಡಿ ಆಕಿಗೆ. ಅದಕ್ಕ ಆಕಿ ಸಲುವಾಗೇ ತಂದಿಟ್ಟೀನಿ."

ಮಾತು ಬಹಳ ಪ್ರೀತಿಯಿಂದ ಬಂದಿತ್ತು, ಅದೇ ಭಯಂಕರ. ಇಪ್ಪತ್ತೇಳು ವರ್ಷ ಹಿಂದೆ ನಾನು ಆಡಿದ ಒಂದು ಸುಳ್ಳು ಬೆಳೆದು ದೊಡ್ಡದಾಗಿ, ಕಬ್ಬಿಣದ ತುಂಡಾಗಿ, ನನ್ನ ಅಂಗೈಗೆ ಬಂದು ಬಿದ್ದಿತ್ತು. ಅದು ಏನು ಸುಳ್ಳು ಎಂದು ಹೇಳಬೇಕಾದರೆ ನಮ್ಮ ಮನೆಯ ಕಾರುಗಳಿಂದಲೇ ಶುರು ಮಾಡಬೇಕು.

ನಲವತ್ತು ವರ್ಷಗಳಲ್ಲಿ ಒಂದೇ ಹೆಸರಿನ ನಾಲ್ಕು ಕಾರುಗಳು ನಮ್ಮ ಮನೆಗೆ ಬಂದವು. ಹೆಸರು ಬರೆಯುವುದಿಲ್ಲ. ನಿಮ್ಮ ಓಣಿಯಲ್ಲೂ ಒಂದು ನಿಂತಿರುತ್ತದೆ, ಅದೇ ಅಂದುಕೊಳ್ಳಿ. ಕಂಪನಿಯವರು ಪ್ರತಿ ಹತ್ತು ವರ್ಷಕ್ಕೊಮ್ಮೆ ಅದರ ಮೈ ಬದಲಿಸಿದರು, ಎಂಜಿನ್ ಬದಲಿಸಿದರು, ಕಣ್ಣು ಮೂಗು ಬದಲಿಸಿದರು, ಹೆಸರು ಮಾತ್ರ ಹಾಗೇ ಉಳಿಸಿದರು. ಮೊದಲನೆಯದನ್ನೂ ಈಗಿನದನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಅಜ್ಜ ಮೊಮ್ಮಗ ಎಂದು ಯಾರೂ ನಂಬಲಾರರು.

ಮೊದಲನೆಯದನ್ನು ತಂದವರು ಕಾಕಾ, ಅಂದರೆ ಆ ಚಿಕ್ಕಪ್ಪ. ಬಸವನ ಬಾಗೇವಾಡಿಯಲ್ಲಿ ಹೆಡ್‌ಮಾಸ್ತರರಾಗಿದ್ದರು, ಹಿಪ್ಪರಗಿಯಲ್ಲಿ ಹೊಲವಿತ್ತು. ಬೆಣ್ಣೆ ಬಣ್ಣದ ಡಬ್ಬಿಯಂಥ ಕಾರು. ನಾಲ್ಕು ಗೇರು, ಚಳಿಗಾಲದ ಬೆಳಿಗ್ಗೆ ಎಳೆಯಲಿಕ್ಕೆ ಒಂದು ಚೋಕು, ಕನ್ನಡಿ ಡ್ರೈವರ್ ಕಡೆಗೆ ಮಾತ್ರ. ಎಡಗಡೆ ಏನು ಬರುತ್ತಿದೆ ಎಂಬುದನ್ನು ಎಡಗಡೆ ಕೂತವರು ಕಿಟಕಿಯಿಂದ ತಲೆ ಹಾಕಿ ಹೇಳಬೇಕು. ಕಾರು ಮನೆಗೆ ಬಂದ ದಿನ ಕಾಕು ಸೀಟನ್ನು ದೂರದಿಂದಲೇ ನೋಡಿ, "ಇದು ತೊಗಲಲ್ಲ ಹೌದಲ್ರೀ?" ಎಂದು ಕೇಳಿದ್ದಳು. ರೆಕ್ಸಿನ್ ಎಂದು ಕಾಕಾ ಆಣೆ ಇಟ್ಟು ಹೇಳಬೇಕಾಯಿತು. ಆ ರೆಕ್ಸಿನ್ನು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತಿತ್ತು. ಅದರಲ್ಲಿ ಏಳೆಂಟು ಮಂದಿ ತುಂಬಿಕೊಂಡು ಮುದ್ದೇಬಿಹಾಳದ ಮದುವೆ ಮುಗಿಸಿ ಅಲ್ಲಿಂದ ಇಂಡಿ ಊರಿನ ಮುಂಜಿವೆಗೆ ಹೋಗುತ್ತಿದ್ದೆವು. ಬೆಲ್ಟ್ ಇರಲೇ ಇಲ್ಲ. ಅಂಥದೊಂದು ಇರಬೇಕು ಎಂಬುದೂ ನಮಗೆ ಗೊತ್ತಿರಲಿಲ್ಲ.

ಎರಡನೆಯದು ದುಂಡಗಾಗಿ ಬಂತು. ಐದು ಗೇರು, ಎರಡೂ ಕಡೆ ಕನ್ನಡಿ, ಏರು ಬಂದರೆ ಬಂದ್ ಮಾಡಬೇಕಾದ ಏಸಿ. ಮುಂದಿನ ಎರಡು ಸೀಟಿಗೆ ಕರಿ ಪಟ್ಟಿಗಳು. ಆಗ ನನಗೆ ಮೂವತ್ತು ದಾಟಿತ್ತು, ಕಾರು ಹೊಡೆಯುವ ಕೆಲಸ ನನ್ನದೇ. ನಾನು ಪಟ್ಟಿ ಹಾಕಿಕೊಳ್ಳುತ್ತಿದ್ದೆ, ಸುರಕ್ಷತೆಗೆ ಅಂತ ತಿಳಿಯಬೇಡಿ. ಎದೆಯ ಮೇಲೆ ಅಡ್ಡ ಪಟ್ಟಿ ಬಂದರೆ ವಿಮಾನ ನಡೆಸುವವನ ಠೀವಿ ಬರುತ್ತದೆ ಎಂಬ ಭ್ರಮೆ ನನಗಿತ್ತು. ಕಾಕಾ ನಗುತ್ತಿದ್ದರು: "ಏನೋ, ಎತ್ತಿಗೆ ಕಟ್ಟಿಧಂಗ ಕಟ್ಟಿಕೊಂಡಿ?"

ಈಗ ಮಡಿಯ ವಿಷಯ. ಅಡುಗೆ ಮಾಡಿ ದೇವರಿಗೆ ನೈವೇದ್ಯ ಇಡುವವರು ಸ್ನಾನ ಮಾಡಿ, ಒಗೆದು ಒಣಹಾಕಿದ ಸೀರೆ ಉಟ್ಟು, ಬೇರೆ ಯಾವ ಬಟ್ಟೆಯನ್ನೂ ಮುಟ್ಟಬಾರದು. ಹತ್ತಿ ಬಟ್ಟೆ ಮುಟ್ಟಿದರೆ ಮೈಲಿಗೆ. ಉಣ್ಣೆ, ರೇಷ್ಮೆಗೆ ದೋಷವಿಲ್ಲ. ಸಿಂದಗಿಯ ನಮ್ಮ ಬಂಧುಗಳ ಮನೆಯಲ್ಲಿ ಪ್ರತಿ ವರ್ಷ ದೇವರ ಸಮಾರಾಧನೆ. ಅಲ್ಲಿ ನೀರಿಗೆ ತ್ರಾಸು, ಅಡುಗೆಗೆ ಕಾಕುವೇ ಬೇಕು. ಹೀಗಾಗಿ ಅವಳು ಹಿಪ್ಪರಗಿಯಲ್ಲೇ ಸ್ನಾನ ಮುಗಿಸಿ, ಮಡಿಯುಟ್ಟು, ಮುಂದಿನ ಸೀಟಿನ ಮೇಲೆ ಉಣ್ಣೆಯ ಧಾಬಳಿ ಹಾಸಿಕೊಂಡು ಕಾರಿನಲ್ಲಿ ಬರುವ ಪದ್ಧತಿ ಬಿತ್ತು. ಮೊದಲನೆಯ ಕಾರಿನಲ್ಲಿ ಇದು ಸಲೀಸಾಗಿ ನಡೆದಿತ್ತು. ಎರಡನೆಯದರಲ್ಲಿ ನನಗೊಂದು ಸಂಶಯ ಹುಟ್ಟಿತು. ಬಾಗಿಲ ಬಳಿ ಜೋತು ಬಿದ್ದ ಆ ಪಟ್ಟಿ ಹತ್ತುವಾಗ ಅವಳ ಸೀರೆಗೆ ತಾಗುತ್ತದೆ. ಅದು ನೈಲಾನ್. ನೈಲಾನ್ ಹತ್ತಿಯ ಕಡೆಗೋ, ರೇಷ್ಮೆಯ ಕಡೆಗೋ?

ಯಾರನ್ನಾದರೂ ಕೇಳಬಹುದಿತ್ತು. ಕಾಕುವನ್ನೇ ಕೇಳಬಹುದಿತ್ತು. ಕೇಳಿದರೆ ಅವಳು ಸಂಕೋಚಪಟ್ಟು ಬಸ್ಸಿಗೆ ಹೋಗುತ್ತೇನೆ ಅಂದಾಳು ಎಂದು ನಾನೇ ನಾನಾಗಿ ಶಾಸ್ತ್ರಿಯಾದೆ. ಋಷಿಗಳಿಗೆ ಗೊತ್ತಿಲ್ಲದ ವಸ್ತು, ಆದ್ದರಿಂದ ಮೈಲಿಗೆ ಎಂದು ತೀರ್ಮಾನ ಕೊಟ್ಟೆ. ಸಮಾರಾಧನೆಯ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ದಾಡಿ ಮಾಡುವ ಬ್ಲೇಡು ತಂದು ಅವಳ ಕಡೆಯ ಪಟ್ಟಿಯನ್ನು ಮೇಲೂ ಕೆಳಗೂ ಕೊಯ್ದು ತೆಗೆದೆ. ಕಾಕುವಿನ ಸೇವೆ ಮಾಡಿದೆನೆಂದು ನನಗೆ ಬಹಳ ಖುಷಿಯಾಗಿತ್ತು. ಆಮೇಲೆ ನನ್ನ ಪಟ್ಟಿ ನಾನು ಹಾಕಿಕೊಂಡೆ.

ತೊಗರಿ ರಾಶಿಯ ಕಾಲ. ನಮ್ಮ ಕಡೆ ರೈತರು ಕಿತ್ತ ತೊಗರಿ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗುವ ಬರುವ ಗಾಡಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ಬದಿಗೆ ತಪ್ಪಿಸಿ ಹೋಗುವುದು ಕೆಟ್ಟ ನಡತೆ, ಮೇಲೆ ಹಾಯಿಸಿಕೊಂಡು ಹೋದರೆ ಅವರಿಗೆ ಉಪಕಾರ. ನಾನು ಉಪಕಾರ ಮಾಡುವ ಹುರುಪಿನಲ್ಲಿ ಜೋರಾಗಿ ಹಾಯಿಸಿದೆ. ಮುಂದೆ ತಿರುವು. ಬ್ರೇಕು ಒತ್ತಿದೆ. ಕಾಳಿನ ಮೇಲೆ ಗಾಲಿ ಉರುಳಲಿಲ್ಲ, ಜಾರಿತು. ಕಾರು ನೆಟ್ಟಗೆ ಹೋಗಿ ಜಾಲಿಗಿಡಕ್ಕೆ ಬಡಿಯಿತು. ನನ್ನ ಭುಜದ ಮೇಲೆ ಪಟ್ಟಿಯ ಬರೆಯೊಂದು ಬಿಟ್ಟರೆ ಮೈಮೇಲೆ ಗೀರಿಲ್ಲ. ಕಾಕುವಿನ ಮುಖ ಡ್ಯಾಶ್‌ಬೋರ್ಡಿಗೆ ಬಡಿದಿತ್ತು.

ದವಡೆ ಮುರಿದಿತ್ತು, ಮುಂದಿನ ಹಲ್ಲುಗಳು ಹೋಗಿದ್ದವು. ಮೂರು ದಿನ ಎಚ್ಚರವಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕಾಕಾ ನನ್ನ ಎರಡೂ ಭುಜ ಹಿಡಿದು ಕೇಳಿದರು: "ನೀ ಹಾಕಿದ್ದಿ. ಆಕಿ ಯಾಕ ಹಾಕಿದ್ದಿಲ್ಲೋ?"

ನಾನು ಹೇಳಿದ್ದು ಇಷ್ಟೇ: "ಮಡಿಯಾಗಿದ್ಲಲ್ರೀ ಕಾಕಾ. ಒಲ್ಲೆ ಅಂದ್ಲು."

ಬಾಯಿಂದ ಹೋಗಿಯೇಬಿಟ್ಟಿತು. ಸಿಂದಗಿಯ ಗ್ಯಾರೇಜಿನ ಮೆಹಬೂಬ್ ಮಿಸ್ತ್ರಿಗೆ ಮಾತ್ರ ನಿಜ ಗೊತ್ತಾಯಿತು. ಪಟ್ಟಿಯ ತುಂಡು ತುದಿಯನ್ನು ಬೆರಳಿನಿಂದ ಸವರಿ, "ಸರ, ಇದು ಹರದದ್ದಲ್ಲ, ಕೊಯ್ದದ್ದೈತಿ" ಅಂದ. ನನ್ನ ಮುಖ ನೋಡಿ ದನಿ ತಗ್ಗಿಸಿದ. "ನಾ ಯಾರಿಗೂ ಹೇಳಂಗಿಲ್ಲ. ಹೇಳೂದು ನಿಮ್ಮ ಕೆಲಸ ಐತಿ."

ನಾನು ಆ ಕೆಲಸ ಮಾಡಲಿಲ್ಲ. ಕಾಕುವಿಗೆ ಎಚ್ಚರ ಬಂದಾಗ ಹೇಳೋಣವೆಂದಿದ್ದೆ, ಅವಳಿಗೆ ಆ ದಿನದ ನೆನಪೇ ಉಳಿದಿರಲಿಲ್ಲ. ಗುಣವಾದ ಮೇಲೆ ಹೇಳೋಣವೆಂದಿದ್ದೆ, ಅಷ್ಟರಲ್ಲಿ ಮಾತು ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಲ್ಲ ಬಂಧುಗಳ ಮನೆ ಹೊಕ್ಕಿತ್ತು. 'ಅತಿ ಮಡಿ ಮಾಡಿ ಹಲ್ಲು ಕಳಕೊಂಡ್ಲು' ಎಂದು ಹೊಸ ಸೊಸೆಯರಿಗೆಲ್ಲ ಅವಳ ಉದಾಹರಣೆ ಕೊಟ್ಟರು. ಕಾಕಾ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಅಂದರು. ಹಲ್ಲಿಗೆ ಗಟ್ಟಿಯಾದ ಕಟಕ ರೊಟ್ಟಿ ಬಡಿಯುವುದರಲ್ಲಿ ಓಣಿಗೇ ಹೆಸರಾದ ಕಾಕು, ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ ಉಣ್ಣುವಳು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಕೈ ತೊಳೆಯಲು ಹೋಗುವೆ. ನನ್ನಂಥ ಹೇಡಿಯನ್ನು ನೀವು ಕಂಡಿರಲಾರಿರಿ.

ಮೂರನೆಯ ಕಾರು ನಾನೇ ಕೊಂಡೆ. ಬೆರಳಿನಿಂದ ತಿರುಗುವ ಸ್ಟೇರಿಂಗು, ಗುಂಡಿ ಒತ್ತಿದರೆ ಇಳಿಯುವ ಗಾಜು, ಹಿಂದಿನ ಸೀಟಿಗೂ ಪಟ್ಟಿ. ಬೆಲ್ಟ್ ಹಾಕದಿದ್ದರೆ ಎದುರಿಗೆ ಒಂದು ಕೆಂಪು ದೀಪ ಹತ್ತಿ ಉರಿಯುತ್ತಿತ್ತು. ಆ ಅಪಘಾತವಾದ ಮೇಲೆ ಪಟ್ಟಿ ಮೈಗೆ ತಾಗಿದರೆ ನನಗೆ ಉಸಿರು ಕಟ್ಟುತ್ತಿತ್ತು. ಪಟ್ಟಿ ಬಿಟ್ಟೆ, ದೀಪ ನೋಡಲಾರದೆ ಹೆಂಡತಿ ಹಣೆಗೆ ಅಂಟಿಸಿಕೊಳ್ಳುವ ಟಿಕಲಿ ಒಂದನ್ನು ಅದರ ಮೇಲೆ ಹಚ್ಚಿದೆ. ಹಿಂದಿನ ಸೀಟಿನಲ್ಲಿ ಕೂತ ಎಂಟು ವರ್ಷದ ಮೇಧಾ ನಾನು ಕಾರಿಗೆ ಕುಂಕುಮ ಹಚ್ಚಿದೆನೆಂದು ಕೈತಟ್ಟಿ ನಕ್ಕಿದ್ದಳು.

ನಾಲ್ಕನೆಯದೇ ಈ ಮೇಧಾಳ ಕಾರು. ಕೀಲಿ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಹಿಂದೆ ಹೋಗುವಾಗ ಹಿಂದಿನದೆಲ್ಲ ಮುಂದಿನ ಪರದೆಯ ಮೇಲೆ ಕಾಣುತ್ತದೆ. ಬಡಿದರೆ ಆರು ಕಡೆಯಿಂದ ಗಾಳಿಯ ಚೀಲಗಳು ಉಬ್ಬಿ ಬರುತ್ತವಂತೆ. ಅಂಥ ಕಾರಿನ ಖಾಂಚಿಯಲ್ಲಿ ಈ ತುಂಡು. ಆ ಡಬ್ಬಿ ಇಷ್ಟೆಲ್ಲ ಕಲಿತು ಎಲ್ಲಿಂದ ಎಲ್ಲಿಗೆ ಬಂದಿದೆ, ನಮ್ಮ ಮನೆಯವರು ಮಾತ್ರ ಬ್ಲೇಡಿನಿಂದ ಟಿಕಲಿಗೆ, ಟಿಕಲಿಯಿಂದ ಈ ತುಂಡಿಗೆ ಬಂದಿದ್ದೇವೆ.

"ಯಾರು ಕಲಿಸಿದ್ರು ನಿನಗ ಇದನ್ನ?" ಎಂದು ನಾನು ಒದರಿದೆ. ಮೇಧಾಗೂ ಸಿಟ್ಟು ಬಂತು.

"ಯಾರು ಕಲಿಸ್ಬೇಕು? ನೀವು ಟಿಕಲಿ ಹಚ್ಚಿದ್ದು ನಾ ನೋಡಿಲ್ಲೇನು?"

ಕಾರು ಬಡಿದುಕೊಳ್ಳುತ್ತಲೇ ಇತ್ತು. ಕಾಕು ಮಡಿಲಲ್ಲಿ ಕೈಯಿಟ್ಟುಕೊಂಡು, "ನನ್ನ ಸಲುವಾಗಿ ಯಾಕ ಜಗಳಾಡ್ತೀರಿ? ತಪ್ಪು ನಂದ. ಆವತ್ತ ಹಾಕ್ಕೊಂಡಿದ್ರ ಇದೇನೂ ಇದ್ದಿದ್ದಿಲ್ಲ" ಅಂದಳು.

ಆಗ ನಾನು ಹೇಳಿದೆ. ತೆರೆದ ಬಾಗಿಲಲ್ಲಿ ಬಗ್ಗಿ ನಿಂತೇ, ಒಂದೇ ಉಸಿರಿಗೆ. "ಕಾಕು, ನೀ ಒಲ್ಲೆ ಅಂದಿದ್ದಿಲ್ಲ. ಪಟ್ಟಿನೇ ಇದ್ದಿದ್ದಿಲ್ಲ. ನೀ ಸ್ನಾನಕ್ಕ ಹೋದಾಗ ನಾನ ಕೊಯ್ದಿದ್ದೆ."

ಮೇಧಾ ಎಂಜಿನ್ ಬಂದ್ ಮಾಡಿದಳು. ಕಾಕು ನನ್ನನ್ನು ನೋಡಿದ ನೋಟ ಎಂಥದೆಂದು ಬರೆಯಲು ನನಗೆ ಬರುವುದಿಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಸಣ್ಣ ಹುಡುಗಿಯ ಹಾಗೆ ಕೇಳಿದಳು:

"ನಾ ಒಲ್ಲೆ ಅಂದಿದ್ದಿಲ್ಲೇನು?"

"ಇಲ್ಲ."

"ನನ್ನ ಕೇಳೇ ಇದ್ದಿಲ್ಲೇನು?"

"ಇಲ್ಲ ಕಾಕು."

"ಎಲ್ಲಾರೂ ಹೇಳ್ತಾರ ಅಂದ ಮ್ಯಾಲ ಅಂದಿರಬೇಕು ಅಂತ ತಿಳಕೊಂಡಿದ್ನೋ. ಇಷ್ಟು ವರ್ಷ ಕೂತು ಕೂತು ನೆಪ್ಪು ಮಾಡಿಕೊಂಡೀನಿ. ಹೆಂಗ ಅಂದೆ, ಯಾಕ ಅಂದೆ, ಅಂಥಾ ಹಟ ನನಗ ಎಲ್ಲಿಂದ ಬಂತು ಅಂತ. ನೆಪ್ಪ ಬರವಲ್ದಾಗಿತ್ತು." ಕೈಯಿಂದ ದವಡೆ ಸವರಿಕೊಂಡಳು. "ನಿಮ್ಮ ಕಾಕಾ ತೀರಿಹೋಗೂತನಕ ನನ್ನ ಬೈಕೋತ ಹೋದ್ರು. ನಾನೂ ಹೌದ್ರಿ ಅನಕೋತ ಬಂದೆ."

ನಾನು ಅವಳ ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆ ತೆಗೆದುಕೊಂಡಳು. ತಾನೇ ಕೈ ಹಿಂದೆ ಮಾಡಿ ಪಟ್ಟಿ ಎಳೆದಳು, ಖಾಂಚಿ ಹುಡುಕಿ ಸಿಕ್ಕಿಸಿದಳು. "ಗಾಡಿ ತಗಿ ಮೇಧಾ, ಡಾಕ್ಟರ್ ಹೋಗಿಬಿಡ್ತಾರ" ಅಂದಳು. ಹಿಂದಿನ ಸೀಟಿನಲ್ಲಿ ನಾನೂ ಪಟ್ಟಿ ಹಾಕಿಕೊಂಡಿದ್ದೆ, ಉಸಿರು ಕಟ್ಟಿತು, ಕಟ್ಟಲಿ ಎಂದು ವಿಜಯಪುರದವರೆಗೂ ಕೂತೆ.

ಮರಳಿ ಬರುವಾಗ ಕಾಕು ಹೊಸ ಹಲ್ಲಿನ ತೊದಲು ಬಾಯಿಂದ ಮೊದಲು ಆಡಿದ ಮಾತು: "ಎಲ್ಲಾರಿಗೂ ಫೋನ್ ಹಚ್ಚು. ಇಂಡಿ ನಾದಿನಿಯಿಂದ ಶುರು ಮಾಡು. ಒಬ್ಬೊಬ್ಬರಿಗೂ ನೀನ ಹೇಳು, ನಾ ಕೂತು ಕೇಳ್ತೀನಿ."

ಒಂದು ವಾರದಿಂದ ಹಚ್ಚುತ್ತಿದ್ದೇನೆ. ಇಂಡಿಯ ಅತ್ತೆ ನಡುವೆಯೇ ಫೋನ್ ಇಟ್ಟುಬಿಟ್ಟರು. ಮುದ್ದೇಬಿಹಾಳದವರು 'ಆಗಿಹೋದ ಮಾತು ಈಗ್ಯಾಕ' ಅಂದರು, ಅವರಿಗೆ ಕಾಕುವೇ ಫೋನ್ ಇಸಿದುಕೊಂಡು 'ನನಗ ಬೇಕಾಗೇದ' ಎಂದಳು. ಮೆಹಬೂಬ್ ಮಿಸ್ತ್ರಿ ಇನ್ನೂ ಗಟ್ಟಿಯಾಗಿದ್ದಾನೆ. ಎಲ್ಲ ಕೇಳಿ, "ಭಾಳ ದಿನಾ ತಗೊಂಡ್ರಿ ಸರ" ಎಂದಷ್ಟೇ ಅಂದ.

ಈ ದಿನ ಬೆಳಿಗ್ಗೆ ಕೊನೆಯ ಫೋನು, ಬಾಗೇವಾಡಿಗೆ. ಮುಗಿಸಿ, "ಆತು ಕಾಕು, ಇನ್ನ ಯಾರೂ ಉಳದಿಲ್ಲ" ಅಂದೆ. ಅವಳು ಎದ್ದು ನನ್ನ ಮಣಿಕಟ್ಟು ಹಿಡಿದು ನಡುಮನೆಗೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಕಾಕಾನ ಫೋಟೋ.

"ಇವರಿಗೂ ಹೇಳು," ಅಂದಳು. "ಸಾವಕಾಶ ಹೇಳು. ಕಡೀಕ ಕಡೀಕ ಅವರಿಗೆ ಕಿವಿ ಮಂದಾಗಿತ್ತು."

ಅರವತ್ತು ದಾಟಿದ ನಾನು ಫೋಟೋದ ಮುಂದೆ ಕೈಕಟ್ಟಿ ನಿಂತು, ಜೋರಾಗಿ, ಬ್ಲೇಡಿನಿಂದ ಹಿಡಿದು ಆಸ್ಪತ್ರೆಯ ವರಾಂಡದವರೆಗೆ ಎಲ್ಲ ಹೇಳಿದೆ. ಕಾಕು ಪಕ್ಕದಲ್ಲಿ ನಿಂತು ಒಂದೊಂದು ಮಾತಿಗೂ ತಲೆಯಾಡಿಸಿದಳು. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಫೋಟೋದ ಹತ್ತಿರ ಹೋದಳು.

"ಕೇಳಿಸ್ತೇನ್ರಿ?" ಅಂದಳು. "ನಾ ಒಲ್ಲೆ ಅಂದಿದ್ದಿಲ್ಲಂತ."