ಅವ್ವನ ಹಾಲೆಂಡಪ್ಪ

ಮೊನ್ನೆ ಮಿರಜದ ಸಿತಾರಿನ ಓಣಿಯಲ್ಲಿ ಹೊಸ ತಂಬೂರಿಗೆ ಬಳಿಯುತ್ತಿದ್ದ ಅರಗಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಸಂಗೀತ ನೆನಪಾಗುತ್ತದೆಯೇನೋ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ಬಹಳ ವರ್ಷಗಳ ಹಿಂದೆ ತಂಬೂರಿ ಕಲಿಯಲೆಂದು ಹಾಲೆಂಡಿನಿಂದ ಬಂದ ಡಚ್ ಕವಿಯೊಬ್ಬ ಅದೇ ಓಣಿಯ ನಮ್ಮ ಮನೆಯಲ್ಲಿ, ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ. ತನ್ನ ದೇಶದಲ್ಲಿ ಕವಿತೆ, ನಾಟಕ ಬರೆದು ಹೆಸರು ಮಾಡಿದವನಂತೆ. ನಾನೂ ನಾಟಕಕಾರನೇ, ಸಾಂಗಲಿಯಲ್ಲಿ ಮರಾಠಿ ನಾಟಕ ಬರೆದು ಆಡಿಸುತ್ತಿದ್ದೆ. ಅವ್ವ ಒಂದಕ್ಕೂ ಬಂದವಳಲ್ಲ. "ಕುರ್ಚ್ಯಾಗ ಕುಂತ್ರ ಸೊಂಟ ಹಿಡಿತೈತೋ" ಅನ್ನುತ್ತಿದ್ದಳು.

ತಂಬೂರಿ ಅವನಿಗೆ ಒಲಿಯಲಿಲ್ಲ, ಅವ್ವ ಒಲಿದಳು. ಹಾಲೆಂಡಪ್ಪ ಎಂದೇ ಕರೆಯುತ್ತಿದ್ದಳು. ಸಂಜೆಯಾದರೆ ಅವನು ಒಲೆಯ ಮುಂದೆ ಕುಳಿತು ರೊಟ್ಟಿ ತಿನ್ನುತ್ತ ಅವಳಿಂದ ಕನ್ನಡ ಕಲಿಯುತ್ತಿದ್ದ. ಒಂದು ದಿನ, "ನಮ್ಮ ದೇಶ ನೀರಿಗಿಂತ ಕೆಳಗ ಐತ್ರಿ ಅವ್ವಾರ" ಅಂದ. ಅಷ್ಟೇ ಸಾಕಾಯಿತು... ಹರಿಪುರದ ಹತ್ತಿರ ಕುರಿ ಮೇಯಿಸುವಾಗ ಕೃಷ್ಣೆ ಏರಿ ಬಂದದ್ದು, ಮರಿಯೊಂದನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರು ದಾಟಿದ್ದು, ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಳು. ಕಥೆ ಸಿಗದೆ ಊರೂರು ಅಲೆಯುತ್ತಿದ್ದ ನಾನು ಅದನ್ನು ಮೊದಲ ಸಲ ಕೇಳಿದ್ದು ಬಾಗಿಲ ಹಿಂದೆ ನಿಂತು.

ಅವನು ಅದನ್ನೇ ನಾಟಕ ಮಾಡಿದ. ದೇಶಕ್ಕೆ ಮರಳುವ ಮುನ್ನ ಸಾಂಗಲಿಯ ಸಣ್ಣ ಸಭಾಗೃಹವೊಂದರಲ್ಲಿ ತಾನೊಬ್ಬನೇ, ಹರಕುಮುರುಕು ಕನ್ನಡದಲ್ಲಿ ಆಡಿದ. ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಸೊಂಟದ ಸುದ್ದಿಯೇ ಇಲ್ಲ! ಆಟ ಮುಗಿದದ್ದೇ ರಂಗ ಹತ್ತಿ ಅವನಿಗೆ ಟೋಪಿ ತೊಡಿಸಿ, ಹೆಗಲಿಗೆ ಟಾವೆಲ್ ಹಾಕಿ, ಕೈಯಲ್ಲಿ ತೆಂಗಿನಕಾಯಿ ಇಟ್ಟಳು. ಬೀಗರಿಗೆ ಮಾಡುವಂಥ ಆಹೇರ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಏನು ಮಾಡಲಿ...

ಮನೆಗೆ ಬಂದವನೇ ಕೇಳಿಬಿಟ್ಟೆ: "ನನಗ ಒಮ್ಮೆರ ಆಹೇರ ಮಾಡೀಯೇನಬೇ?"

"ಹುಚ್ಚಪ್ಪಾ, ಮನಿ ಮಗಗ ಯಾರರ ಆಹೇರ ಮಾಡ್ತಾರೇನು? ಅಂವ ಹೋಗಾಂವ, ನೀ ಇರಾಂವ."

ಮಾತೇನೋ ಸರಿಯಾಗಿತ್ತು. ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ.

ಅವ್ವ ಈಗಿಲ್ಲ. ಹಾಲೆಂಡಪ್ಪನೂ ತೀರಿಹೋದನೆಂದು ಈಚೆಗೆ ಅವನ ಮಗಳು ತಿಳಿಸಿದಳು. ಆ ನಾಟಕವನ್ನು ಅಲ್ಲಿ ಮತ್ತೆ ಆಡುತ್ತಿದ್ದಾರಂತೆ. ಮೊಬೈಲಿಗೆ ವಿಡಿಯೊ ಕಳಿಸಿದ್ದಳು. ಒಂದಕ್ಷರ ತಿಳಿಯದ ಡಚ್ ಮಾತಿನ ನಡುವೆ, ಕುರಿಮರಿ ಹೊತ್ತ ಮುದಿ ನಟಿ ಥಟ್ಟನೆ ಕನ್ನಡದಲ್ಲಿ ಅಂದಳು: "ಅಂಜಬ್ಯಾಡ ಮಗಾ, ನಾ ಅದೀನಿ." ಅವನೇ ಕಲಿಸಿರಬೇಕು. ಎಳೆದು ಹೇಳುವ ರಾಗವೂ ಅವ್ವನದೇ.

ನಾನು ಬರೆದ ಅಷ್ಟೂ ನಾಟಕಗಳಲ್ಲಿ ಅವ್ವ ಎಲ್ಲೂ ಇಲ್ಲ. ಅವಳ ದನಿ ಕೇಳಬೇಕೆನಿಸಿದರೆ ಈಗ ಮೊಬೈಲಿನಲ್ಲಿ ಅವನ ನಾಟಕವನ್ನೇ ಹಚ್ಚಿಕೊಂಡು ಕೂರುತ್ತೇನೆ.